ಉಪ್ಪುಕಾಗದ

ಎಲೆಗೆ ಮೊದಲು ಉಪ್ಪು ಬಡಿಸಬೇಕು,
ಮೇಜಿಗೂ ಅಷ್ಟೆ.
ಎಂಬತ್ತನೆಯ ನಂಬರು, ಆಮೇಲೆ ನೂರಿಪ್ಪತ್ತು,
ಕೊನೆಗೆ ನಾನೂರು,
ಎಳೆಯ ಜಾಡು ಹಿಡಿದು, ಅಡ್ಡ ಹೋಗದೆ.
ಮಂಡಿ ಮೊಹಲ್ಲಾದ ಈ ತಗಡಿನ ಸೂರಿನಡಿ
ಹತ್ತೊಂಬತ್ತು ವರ್ಷ ಉಪ್ಪುಕಾಗದ ಉಜ್ಜಿದ್ದೇನೆ.
ನ್ಯಾಯಬೆಲೆ ಅಂಗಡಿಯ ಯಂತ್ರ
ನನ್ನ ಹೆಬ್ಬೆಟ್ಟನ್ನು ನಂಬುವುದಿಲ್ಲ.
"ಇನ್ನೊಂದು ಬೆರಳಿಡಮ್ಮ" ಅನ್ನುತ್ತಾನೆ ಹುಡುಗ.
ಇಡುತ್ತೇನೆ. ಅದೂ ನುಣುಪು.

ಆಷಾಢ ಕಳೆದ ವಾರ ಚಂದ್ರಾಜಮ್ಮಣ್ಣಿ ಬಂದರು
ಒಂಟಿಕೊಪ್ಪಲಿನಿಂದ, ಆಟೋದಲ್ಲಿ,
ಕೈಚೀಲದಲ್ಲೊಂದು ಫೋಟೊ.
ಪೇಟದ ತಾತ, ಸುತ್ತ ಒಂಬತ್ತು ಜನ,
ಮುಂದೆ ಪಿಂಗಾಣಿ ತಟ್ಟೆ,
ಯಾರೂ ಇನ್ನೂ ತುತ್ತೆತ್ತಿಲ್ಲ.
ಮೇಜಿನ ಬಟ್ಟೆ ನೆಲ ಮುಟ್ಟುವಷ್ಟು ಇಳಿಬಿದ್ದಿದೆ.
"ಇಂಥದ್ದೇ ಬೇಕು."
ಕಾಳಾಚಾರ್ರು ಕನ್ನಡಕ ಒರೆಸಿಕೊಂಡರು.
"ಕಾಲೇ ಕಾಣ್ತಿಲ್ವಲ್ಲ ಅಮ್ಮಣ್ಣಿ?"
"ಕಾಲು ನಂಗೊತ್ತು.
ದೊಡ್ಡೋರು ಊಟಕ್ಕೆ ಕೂತಾಗ
ನಾನು ಇರ್ತಿದ್ದಿದ್ದೇ ಅದರ ಕೆಳಗೆ."

ಕಣ್ಣು ಮುಚ್ಚಿ ಗಾಳಿಯಲ್ಲಿ ಕೈಯಾಡಿಸಿದರು,
ಕರುವಿನ ಮೈ ಸವರುವ ಹಾಗೆ:
ಇಲ್ಲಿ ಮೊಣಕಾಲು, ಗುಂಡಗೆ, ಉಬ್ಬು,
ಇಲ್ಲಿಂದ ಸಣ್ಣಗಾಗುತ್ತ, ಸಣ್ಣಗಾಗುತ್ತ,
ತುದಿಗೆ ಹುಲಿಯ ಪಂಜ, ಪಂಜದಲ್ಲೊಂದು ಚೆಂಡು.
"ಕಿಟಕಿ ಕಡೆ ಕಾಲಲ್ಲಿ ಒಂದುಗುರು ಮುರಿದಿತ್ತು.
ಅಡಕತ್ತರಿಯಲ್ಲಿ. ಮುರಿದೋಳು ನಾನೇ.
ಅದೂ ಬೇಕು."
ಆಚಾರ್ರು ನಕ್ಕರು, ಆಮೇಲೆ ನಗಲಿಲ್ಲ.
"ಹುಲಿ ಕೆತ್ತುತೀನಿ, ಕೇಳಿದ್ರೆ ಯಾಳಿನೂ ಕೆತ್ತುತೀನಿ.
ಮುಕ್ಕು ಮಾತ್ರ ಕೆತ್ತಲಾರೆ.
ನಮ್ಮಪ್ಪನ ಉಳಿ ಇದು."

ಮರ ಬಂತು, ಕೆಡವಿದ ಯಾವುದೋ ಮನೆಯ ತೊಲೆ,
ಬೀಟೆ, ಕೊಯ್ದರೆ ಒಳಗೆ ನೇರಳೆ.
ಒಂದು ಮೊಳೆಯಿಲ್ಲ ಇಡೀ ಮೇಜಿಗೆ.
ಮರದ ನಾಲಗೆ ಮರದ ಬಾಯಿಗೆ,
ಕೊಡತಿಯ ಒಂದೇ ಪೆಟ್ಟು.
ಆಮೇಲೆ ಎರಡೂ ಮಾತಾಡುವುದಿಲ್ಲ.
ಮೂರು ತಿಂಗಳು ನನ್ನ ಮುದ್ದೆಗೂ ಬೀಟೆಯ ಘಮ,
ಸೀನಿದರೆ ಕರ್ಚೀಪಿನಲ್ಲಿ ನೇರಳೆ.
ಎಂಟು ಕುರ್ಚಿ, ಬೆನ್ನಿಗೆ ಬಳ್ಳಿ,
ಬಳ್ಳಿಯ ಸಂದಿಗೆ ಬೆರಳು ಹೋಗದು, ಕಡ್ಡಿಗೆ ಕಾಗದ ಸುತ್ತಿ ಉಜ್ಜಿದೆ.
ಅರಗು ಬಳಿದೆ ಹನ್ನೊಂದು ಸಲ,
ಬಟ್ಟೆಯುಂಡೆಯಲ್ಲಿ, ಎಂಟರ ಆಕಾರದಲ್ಲಿ,
ಮೇಲೆ ಬಗ್ಗಿದರೆ ನನ್ನ ಮೂಗುತಿ ಕಾಣುವವರೆಗೆ.

ಕೊನೆಯ ದಿನ ಮಧ್ಯಾಹ್ನ
ಆಚಾರ್ರು ಕೂತಲ್ಲೇ ತೂಕಡಿಸುತ್ತಿದ್ದರು.
ನನ್ನ ಎಲೆಚೀಲದಲ್ಲೂ ಒಂದು ಅಡಕತ್ತರಿ ಇದೆ.
ಕೆಳಗೆ ನುಗ್ಗಿದೆ.
ಕಿಟಕಿ ಕಡೆಯದು ಯಾವುದು? ನಾಲ್ಕೂ ಒಂದೇ ಥರ.
ರಸ್ತೆ ಕಡೆಯದನ್ನೇ ಕಿಟಕಿ ಅಂದುಕೊಂಡೆ.
ಚಟ್.
ಕಡಲೆಬೇಳೆಯಷ್ಟು ಹಾರಿ ಎಲ್ಲೋ ಬಿತ್ತು.
ಕೈ ತಾನಾಗಿ ಉಪ್ಪುಕಾಗದಕ್ಕೆ ಹೋಯಿತು.
ಹಿಡಿದು ನಿಲ್ಲಿಸಿದೆ, ಇನ್ನೊಂದು ಕೈಯಿಂದ.

ಅಮ್ಮಣ್ಣಿ ಬಂದರು, ಮಗ ಹಿಂದೆ, ಚೆಕ್ಕು ಹಿಡಿದು.
ಆಚಾರ್ರು ಅಂಚಿನಲ್ಲಿ ತುಂಬಿದ ಲೋಟ ಇಟ್ಟು
ಮೇಜನ್ನು ಸೊಂಟದಿಂದ ನೂಕಿ ತೋರಿಸಿದರು.
ನೀರು ಅಲುಗಲಿಲ್ಲ.
ಅವರು ನೀರು ನೋಡಲೇ ಇಲ್ಲ.
ಎಪ್ಪತ್ತಮೂರು ವರ್ಷದ ಮೈ, ಮೈಸೂರು ಸಿಲ್ಕು,
ಮಂಡಿಯೂರಿ, ಹೊಟ್ಟಿನ ಮೇಲೆ, ಒಳಗೆ.
"ಅಮ್ಮಾ!" ಅಂದ ಮಗ.
ಹೊರಗೆ ಉಳಿದದ್ದು ಎರಡು ಅಂಗಾಲು.
ಒಂದು ಕಾಲು, ಎರಡು, ಮೂರನೆಯದು.
ಆಮೇಲೆ ಬಳೆಯ ಸದ್ದು ನಿಂತಿತು.
ಬಹಳ ಹೊತ್ತು ನಿಂತಿತ್ತು.

ಎದ್ದರು. ತಲೆ ತುಂಬ ಹೊಟ್ಟು.
"ಸರಿಯಾಗಿದೆ" ಅಂದರು ಅಷ್ಟೆ,
ಆಚಾರ್ರ ಕಡೆ ನೋಡಿ.

ಶನಿವಾರ ಬಟವಾಡೆಯಲ್ಲಿ ಅರ್ಧ ದಿನದ ಕೂಲಿ ಇರಲಿಲ್ಲ.
ಯಾಕೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.
ಹಿಡಿದುಕೊಳ್ಳಲಿ.
ಹತ್ತೊಂಬತ್ತು ವರ್ಷದಲ್ಲಿ
ನಾನು ಒರಟಾಗಿ ಬಿಟ್ಟದ್ದು
ಅದೊಂದೇ.